ಎತ್ತಿನಹೊಳೆಯ ಎರಡು ತುದಿಗಳು

(ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



2016ನೆಯ ಇಸವಿಯ ಬೇಸಗೆಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ರೈತರು ಶಾಶ್ವತ ನೀರಾವರಿ ಬೇಕೆಂದು ಟ್ರ್ಯಾಕ್ಟರುಗಳನ್ನೇರಿ ಬೆಂಗಳೂರಿನತ್ತ ಹೊರಟರು. ದಾರಿಯಲ್ಲಿ ಪೊಲೀಸರ ಲಾಠಿಯೇಟು ತಿಂದರು. ಎರಡು ತಿಂಗಳು ಕಳೆದು ಮೇ ತಿಂಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎತ್ತಿನಹೊಳೆ ಯೋಜನೆಯನ್ನು ವಿರೋಧಿಸಿ ಬಂದ್ ಆಚರಿಸಿತು. ಅದೇ ಬೇಸಗೆಯಲ್ಲಿ ನೇತ್ರಾವತಿಗೆ ಅಡ್ಡಲಾಗಿರುವ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೀರು ತಳಮುಟ್ಟಿ, ಮಂಗಳೂರಿನ ನಲ್ಲಿಗಳಿಗೆ ಸರದಿಯ ಮೇಲೆ ನೀರು ಬಿಡುವಂತಾಗಿತ್ತು. ನೀರು ಬೇಕೆಂದವರೂ ಬಾಯಾರಿದ್ದರು, ಕೊಡೆವೆಂದವರೂ ಬಾಯಾರಿದ್ದರು. ಈ ಎರಡು ಕಡೆಯ ಜನ ಒಬ್ಬರನ್ನೊಬ್ಬರು ಕಂಡದ್ದು ಪತ್ರಿಕೆಗಳ ಪುಟಗಳಲ್ಲಿ ಮಾತ್ರ.

ನೀರಿನ ಕಾಮಗಾರಿಗಳಿಂದ ಹುಟ್ಟುವ ಸಂಘರ್ಷವನ್ನು ಅಧ್ಯಯನ ಮಾಡಹೊರಟವರು ಸಾಮಾನ್ಯವಾಗಿ ಒಂದೇ ದಡದಲ್ಲಿ ನಿಲ್ಲುತ್ತಾರೆ. ಮಲೆನಾಡಿನ ಅಧ್ಯಯನಗಳು ಕಾಡು, ಮೀನು, ಭೂಕುಸಿತ, ತೋಟಗಳಿಗಾದ ನಷ್ಟ ಇವುಗಳನ್ನು ದಾಖಲಿಸುತ್ತವೆ. ಬಯಲುಸೀಮೆಯ ವರದಿಗಳು ಬತ್ತಿದ ಕೆರೆ, ಫ್ಲೋರೈಡ್, ಸಾಲ, ಗುಳೆ ಇವುಗಳನ್ನು ಹೇಳುತ್ತವೆ. ಎರಡೂ ಸತ್ಯವೇ. ಆದರೆ ಇವೆರಡನ್ನು ಜೋಡಿಸುವ ಕೊಂಡಿ ನೆಲದ ಮೇಲಿಲ್ಲ, ನೆಲದೊಳಗಿದೆ. ಘಟ್ಟದ ಹೊಳೆಯನ್ನು ಪೂರ್ವಕ್ಕೆ ತಿರುಗಿಸಬೇಕೆಂಬ ಕೂಗು ಬಲಗೊಂಡದ್ದು ಕೋಲಾರದ ಬಂಡೆಯೊಳಗಿನ ನೀರು ಮುಗಿಯುತ್ತ ಬಂದಾಗ. ಆ ನೀರು ತೆಗೆದವರು ಯಾರು, ತೆಗೆದದ್ದೆಷ್ಟು ಎಂಬ ಲೆಕ್ಕವನ್ನು ಯಾರೂ ಸರಿಯಾಗಿ ಇಡಲಿಲ್ಲ. ಲೆಕ್ಕವಿಲ್ಲದ ಆ ಸಾಲವನ್ನು ಈಗ ಸಕಲೇಶಪುರದ ಹೊಳೆಗಳ ಹೆಸರಿಗೆ ಬರೆಯಲಾಗಿದೆ. ಇಂದಿನ ಮಾತು ಈ ಕೊಂಡಿಯನ್ನು ಕುರಿತದ್ದು. ಅದನ್ನು ಹುಡುಕುವ ಬಗೆಯನ್ನೂ ಕುರಿತದ್ದು.

ಮೊದಲು ಘಟ್ಟದ ತುದಿಯನ್ನು ನೋಡೋಣ. ಎತ್ತಿನಹೊಳೆ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನದು. ಅದರ ನೀರು ಗುಂಡ್ಯ ಹೊಳೆಗೂ, ಅಲ್ಲಿಂದ ಕುಮಾರಧಾರಾ ನದಿಗೂ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಬಳಿ ಕಡಲನ್ನು ಮುಟ್ಟುತ್ತದೆ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಇವುಗಳ ಮೇಲೆ ಎಂಟು ಒಡ್ಡುಗಳನ್ನು ಕಟ್ಟಿ, ಮಳೆಗಾಲದ ನೀರನ್ನು ಪಂಪುಗಳಿಂದ ಮೇಲೆತ್ತಿ, ಹರವನಹಳ್ಳಿಯ ಬಳಿಯಿಂದ ಕಾಲುವೆಯಲ್ಲಿ ಪೂರ್ವದ ಜಿಲ್ಲೆಗಳಿಗೆ ಹರಿಸುವುದು ಯೋಜನೆ. ತಿರುಗಿಸಬೇಕಾದ ನೀರು 24.01 ಟಿಎಂಸಿ. ಅದರಲ್ಲಿ 14.056 ಟಿಎಂಸಿ ಕುಡಿಯುವುದಕ್ಕೆ, 9.953 ಟಿಎಂಸಿ 527 ಕೆರೆಗಳನ್ನು ತುಂಬುವುದಕ್ಕೆ. 7 ಜಿಲ್ಲೆ, 29 ತಾಲ್ಲೂಕು, 75.59 ಲಕ್ಷ ಜನ ಇದರ ಫಲಾನುಭವಿಗಳೆಂದು ಕಾಗದಪತ್ರಗಳು ಹೇಳುತ್ತವೆ. 2012ರಲ್ಲಿ 8,323 ಕೋಟಿ ರೂಪಾಯಿ ಎಂದಿದ್ದ ಅಂದಾಜು 2014ರಲ್ಲಿ 12,912 ಕೋಟಿಗೂ, 2023ರಲ್ಲಿ 23,251 ಕೋಟಿಗೂ ಏರಿತು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಮೊದಲ ಹಂತದ ಪಂಪುಗಳು ಚಾಲನೆಗೊಂಡವು. ಆಗ ಕಾಲುವೆ ಕೋಲಾರವನ್ನು ಮುಟ್ಟಿರಲಿಲ್ಲ. ಎತ್ತಿದ ನೀರನ್ನು ತಾತ್ಕಾಲಿಕವಾಗಿ ವಾಣಿವಿಲಾಸ ಸಾಗರದ ಕಡೆಗೆ ಬಿಡಲಾಯಿತು.

24.01 ಎಂಬ ಅಂಕಿಯ ಮುಂದೆ ಜನ ಸುಮ್ಮನಾಗಿಬಿಡುತ್ತಾರೆ. ದಶಮಾಂಶ ಚಿಹ್ನೆ ಇರುವ ಅಂಕಿಗೆ ಅಂಥದೊಂದು ಗಾಂಭೀರ್ಯವಿದೆ. ಆದರೆ ಇದನ್ನು ಪರೀಕ್ಷಿಸಲು ಹೈಸ್ಕೂಲಿನ ಗಣಿತ ಸಾಕು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. 24.01 ಟಿಎಂಸಿ ಎಂದರೆ ಸುಮಾರು 68 ಕೋಟಿ ಘನ ಮೀಟರ್. ಒಡ್ಡುಗಳ ಮೇಲ್ಭಾಗದ ಜಲಾನಯನ ಪ್ರದೇಶ ಸುಮಾರು 180 ಚದರ ಕಿಲೋಮೀಟರ್. ಭಾಗಿಸಿ ನೋಡಿ: ಆ ಪ್ರದೇಶದ ಪ್ರತಿಯೊಂದು ಚದರ ಮೀಟರಿನ ಮೇಲೂ ಸುಮಾರು 3.8 ಮೀಟರ್ ಎತ್ತರದ ನೀರು ನಿಂತು, ಅಷ್ಟೂ ಹರಿದು ಒಡ್ಡಿಗೆ ಬರಬೇಕು. 3.8 ಮೀಟರ್ ಎಂದರೆ 3,800 ಮಿಲಿಮೀಟರ್. ಘಟ್ಟದ ಅಂಚಿನಲ್ಲಿ ಅಷ್ಟು ಮಳೆ ಬೀಳುವ ವರ್ಷಗಳು ಇಲ್ಲವೆಂದಲ್ಲ. ಆದರೆ ಬಿದ್ದ ಮಳೆಯಲ್ಲಿ ಕಾಡು ಕುಡಿಯುವುದೆಷ್ಟು, ಆವಿಯಾಗುವುದೆಷ್ಟು, ಮಣ್ಣಿಗಿಳಿಯುವುದೆಷ್ಟು? ಅಷ್ಟನ್ನೆಲ್ಲ ಕಳೆದ ಮೇಲೆ ಉಳಿದದ್ದು ಹೊಳೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಇದೇ ಕಣಿವೆಯ ಇಳುವರಿಯನ್ನು ಅಂದಾಜಿಸಿ ಕೊಟ್ಟ ಅಂಕಿ 9.55 ಟಿಎಂಸಿ. ಅದನ್ನು ಹೀಗೆಯೇ ಹರಡಿ ನೋಡಿದರೆ ಸುಮಾರು 1.5 ಮೀಟರ್ ಆಗುತ್ತದೆ.

ಒಂದೇ ಕಣಿವೆಗೆ 3.8 ಮತ್ತು 1.5. ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಲ್ಲಿದೆ. ಈ ಎರಡರಲ್ಲಿ ಯಾವುದು ಇಷ್ಟವೋ ಅದನ್ನು ಆರಿಸಿಕೊಳ್ಳುವುದು ಸಂಶೋಧನೆಯಲ್ಲ. ಯಾವ ಮಳೆಮಾಪಕದ ಅಂಕಿ ಬಳಸಿದರು, ಎಷ್ಟು ವರ್ಷಗಳದ್ದು, ಹೊಳೆಯ ಹರಿವನ್ನು ಅದೇ ಜಾಗದಲ್ಲಿ ಅಳೆದರೇ, ಇಲ್ಲವೇ ಎಷ್ಟೋ ಮೈಲಿ ಕೆಳಗಿನ ಅಳತೆಯಿಂದ ಊಹಿಸಿದರೇ, ಎಂದು ಕೇಳುವುದು ಸಂಶೋಧನೆ. ಸಣ್ಣ ಹೊಳೆಗಳಿಗೆ ದೀರ್ಘಕಾಲದ ಅಳತೆ ಇಲ್ಲದಿರುವುದೇ ಇಂತಹ ವಿವಾದಗಳ ಬೇರು. ಅಳತೆ ಇಲ್ಲದ ಕಡೆ ಅಂದಾಜಿಗೆ ಕೈಕಾಲು ಬರುತ್ತದೆ.

ಹೊಳೆಯನ್ನು ಅಳೆಯಲು ದೊಡ್ಡ ಉಪಕರಣವೇನೂ ಬೇಕಿಲ್ಲ. ನೇರವಾಗಿ ಹರಿಯುವ ಹತ್ತು ಮೀಟರಿನ ಭಾಗವನ್ನು ಆರಿಸಿ ಎರಡು ಗೂಟ ನೆಡಬೇಕು. ಅಗಲವನ್ನೂ, ಅಡ್ಡಲಾಗಿ ನಾಲ್ಕೈದು ಕಡೆ ಆಳವನ್ನೂ ಅಳೆಯಬೇಕು. ಒಣ ತೆಂಗಿನಕಾಯಿಯನ್ನೋ, ಅರ್ಧ ನೀರು ತುಂಬಿ ಮುಚ್ಚಳ ಹಾಕಿದ ಬಾಟಲಿಯನ್ನೋ ತೇಲಿಬಿಟ್ಟು ಎಷ್ಟು ಸೆಕೆಂಡಿನಲ್ಲಿ ಹತ್ತು ಮೀಟರ್ ದಾಟುತ್ತದೆಂದು ನೋಡಬೇಕು. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ, ಬಂದ ವೇಗವನ್ನು 0.85ರಿಂದ ಗುಣಿಸಬೇಕು. ನಾಲ್ಕು ಮೀಟರ್ ಅಗಲ, ಸರಾಸರಿ ಅರ್ಧ ಮೀಟರ್ ಆಳ, ಸೆಕೆಂಡಿಗೆ 0.6 ಮೀಟರ್ ವೇಗದ ಹೊಳೆಯಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಘನ ಮೀಟರ್, ಅಂದರೆ ಸಾವಿರ ಲೀಟರ್ ಹರಿಯುತ್ತದೆ. ತುಂಬಿದ ಹೊಳೆಗೆ ಯಾರೂ ಇಳಿಯಕೂಡದು. ಆಗ ಸೇತುವೆಯ ಕಂಬಕ್ಕೆ ಬಣ್ಣದ ಗೆರೆ ಬರೆದು ಮಟ್ಟವನ್ನು ಮಾತ್ರ ಓದಬೇಕು. ಇನ್ನು ಯೋಜನೆಯ ಅಂಕಿಗೆ ಬನ್ನಿ. ನೀರೆತ್ತುವುದು ಮಳೆಗಾಲದ 139 ದಿನಗಳಲ್ಲಿ. ಅಷ್ಟು ದಿನಗಳಲ್ಲಿ 24.01 ಟಿಎಂಸಿ ಎತ್ತಬೇಕಾದರೆ ಹಗಲಿರುಳು ಸರಾಸರಿ ಸೆಕೆಂಡಿಗೆ 57 ಘನ ಮೀಟರ್ ಸಿಗಬೇಕು. ಈಗ ಹೇಳಿದಂತಹ ಹೊಳೆಗಳು ಐವತ್ತೇಳು, ಒಂದು ಗಳಿಗೆಯೂ ಕುಗ್ಗದೆ ಹರಿಯಬೇಕು. ಆಟಿಯ ಅಬ್ಬರದಲ್ಲಿ ಅದಕ್ಕಿಂತ ಹೆಚ್ಚು ಹರಿದೀತು. ಮಳೆ ಬಿಟ್ಟುಕೊಟ್ಟ ವಾರಗಳಲ್ಲಿ ಏನಾಗುತ್ತದೆಂಬುದನ್ನು ಆ ಹೊಳೆಯ ದಡದ ಊರಿನವರೇ ಬರೆದಿಡಬಲ್ಲರು.

ಇಲ್ಲಿ ಮಲೆನಾಡು ಹಾಗೂ ಕರಾವಳಿಯ ಹೋರಾಟಗಾರರಿಗೂ ಒಂದು ಮಾತು. ತುಂಬೆ ಒಣಗಿದ ಕೂಡಲೇ ಎತ್ತಿನಹೊಳೆಯನ್ನು ದೂರುವ ಅಭ್ಯಾಸ ಬೆಳೆದಿದೆ. 2016ರಲ್ಲಿ ತುಂಬೆ ಒಣಗಿದಾಗ ಎತ್ತಿನಹೊಳೆಯಿಂದ ಒಂದು ಕೊಡ ನೀರೂ ಪೂರ್ವಕ್ಕೆ ಹೋಗಿರಲಿಲ್ಲ. ಮಳೆಗಾಲದ ನೆರೆಯನ್ನು ತೆಗೆದರೆ ಬೇಸಗೆಯ ಹರಿವು ಎಷ್ಟು ಕುಗ್ಗೀತು ಎಂಬುದು ಇನ್ನೂ ಅಳೆಯಬೇಕಾದ ಪ್ರಶ್ನೆ. ಘೋಷಣೆಯಿಂದ ಅದು ಇತ್ಯರ್ಥವಾಗದು. ಬೇಸಗೆಯ ಹೊಳೆ ಎಂದರೆ ಗುಡ್ಡದೊಳಗಿನ ಅಂತರ್ಜಲವೇ. ಮಳೆ ನಿಂತ ಮೇಲೆ ಹರಿಯುವುದೆಲ್ಲ ಮಣ್ಣು, ಬೇರು, ಬಂಡೆಯ ಬಿರುಕುಗಳು ಹಿಡಿದಿಟ್ಟು ಒರತೆಯಾಗಿ ಬಿಟ್ಟುಕೊಡುವ ನೀರು. ಆದ್ದರಿಂದ ಆಳೆತ್ತರದ ಕೊಳವೆಗಳನ್ನು ಹೂಳಲು ಇಳಿಜಾರನ್ನು ಸೀಳಿದಾಗ, ತೋಡಿದ ಮಣ್ಣನ್ನು ಕಣಿವೆಗೆ ಸುರಿದಾಗ ಯಾವ ಒರತೆ ಕಡಿಯಿತು, ಯಾವ ಬಾವಿ ಇಳಿಯಿತು ಎಂಬುದು, ಪಂಪು ಎತ್ತಿದ ನೀರಿನ ಪ್ರಮಾಣಕ್ಕಿಂತ ಮಿಗಿಲಾದ ವಿಷಯವಾಗಬಹುದು. 2018ರ ಆಗಸ್ಟಿನ ಮಳೆಯಲ್ಲಿ ಶಿರಾಡಿ ಘಾಟಿಯ ಇಳಿಜಾರುಗಳು ಎಷ್ಟು ದುರ್ಬಲವೆಂಬುದು ಎಲ್ಲರಿಗೂ ಕಂಡಿತು. ಹಾಗೆಯೇ, ನದಿಯ ನೀರು ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತದೆ ಎನ್ನುವವರು ಅಳಿವೆಯ ಮೀನುಗಾರರನ್ನು ಒಮ್ಮೆ ಕೇಳಬೇಕು. ನೆರೆಯ ನೀರು ಹೊತ್ತು ತರುವ ಮೆಕ್ಕಲು, ಸಿಹಿನೀರು ಉಪ್ಪುನೀರು ಬೆರೆಯುವ ಹದ ಇವುಗಳ ಮೇಲೆ ಅವರ ಬದುಕು ನಿಂತಿದೆ.

ಇನ್ನೊಂದು ಪದವನ್ನು ಬಿಡಿಸಿ ನೋಡಬೇಕು: ಕುಡಿಯುವ ನೀರು. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಜಲವಿದ್ಯುತ್ತು, ನೀರಾವರಿ ಯೋಜನೆಗಳಿವೆ. ಕುಡಿಯುವ ನೀರಿನ ಯೋಜನೆ ಇಲ್ಲ. ಆದಕಾರಣ ಘಟ್ಟವನ್ನು ಅಗೆದು ಹೊಳೆಯನ್ನು ತಿರುಗಿಸುವ ಈ ಕಾಮಗಾರಿ ಆ ಅಧಿಸೂಚನೆಯಡಿಯ ಪೂರ್ವಾನುಮತಿಯಿಲ್ಲದೆ, ಸಾರ್ವಜನಿಕ ಅಹವಾಲು ಸಭೆಯಿಲ್ಲದೆ ಆರಂಭವಾಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದನ್ನು ಕುಡಿಯುವ ನೀರಿನ ಯೋಜನೆಯೆಂದೇ ಪರಿಗಣಿಸಿ ಅರ್ಜಿಗಳನ್ನು ವಜಾ ಮಾಡಿತು. ಆದರೆ ಕೆರೆ ತುಂಬುವ 9.953 ಟಿಎಂಸಿ ಯಾರ ಬಾಯಿಗೆ? ಕೆರೆಯ ನೀರು ಇಂಗುತ್ತದೆ, ಇಂಗಿದ ನೀರು ಕೊಳವೆಬಾವಿಗೆ ಬರುತ್ತದೆ, ಕೊಳವೆಬಾವಿಯ ನೀರಿನ ಬಹುಪಾಲು ಹೊಲಕ್ಕೆ ಹೋಗುತ್ತದೆ. ಅದು ತಪ್ಪೆಂದಲ್ಲ. ರೈತನೂ ಬದುಕಬೇಕು. ಆದರೆ ಅದನ್ನು ನೀರಾವರಿ ಎಂದು ಕರೆದು ಅಂಗಳದಲ್ಲಿಟ್ಟು ಚರ್ಚಿಸಿದ್ದರೆ ಘಟ್ಟದವರಿಗೂ ಬಯಲಿನವರಿಗೂ ತಮ್ಮ ಮಾತು ಹೇಳಲು ಒಂದು ಸಭೆಯಾದರೂ ಸಿಗುತ್ತಿತ್ತು.

ಇನ್ನು ಬಯಲಿನ ತುದಿ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಉತ್ತರ ಹಾಗೂ ದಕ್ಷಿಣ ಪಿನಾಕಿನಿಗಳು ನಂದಿಯ ಸುತ್ತಿನ ಬೆಟ್ಟಗಳ ಆಸುಪಾಸಿನಲ್ಲಿ ಹುಟ್ಟಿ ಹೊರರಾಜ್ಯಗಳತ್ತ ಸಾಗುತ್ತವೆ. ಇದನ್ನರಿತ ಹಿರಿಯರು ಹಳ್ಳದುದ್ದಕ್ಕೂ ಸರಪಳಿಯಂತೆ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತೂಬು ಎತ್ತುವವನು ನೀರುಗಂಟಿ, ಹೂಳು ತೆಗೆಯುವುದು ಊರಿನ ಕೆಲಸ. ಈ ವ್ಯವಸ್ಥೆ ನ್ಯಾಯದ ಸ್ವರ್ಗವಾಗಿತ್ತೆಂದು ಯಾರೂ ಭ್ರಮಿಸಬಾರದು. ಅಚ್ಚುಕಟ್ಟಿನಲ್ಲಿ ಭೂಮಿ ಇದ್ದವರಿಗೆ ನೀರಿತ್ತು, ಹೂಳು ಹೊತ್ತವರಲ್ಲಿ ಅನೇಕರಿಗೆ ಇರಲಿಲ್ಲ. ಆದರೂ ಒಂದು ಗುಣವಿತ್ತು: ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಊರಿಗೆಲ್ಲ ಕಾಣುತ್ತಿತ್ತು. ಭತ್ತ ಹಾಕಬೇಕೋ ರಾಗಿ ಹಾಕಬೇಕೋ ಎಂಬುದನ್ನು ಕೆರೆ ನೋಡಿ ನಿರ್ಧರಿಸಬಹುದಿತ್ತು.

ಕೊಳವೆಬಾವಿಯಲ್ಲಿ ಕಾಣುವುದೇನೂ ಇಲ್ಲ. ತೆರೆದ ಬಾವಿಗೆ ಕಪಿಲೆ ಹೂಡಿದ ಕಾಲದಲ್ಲಿ ಎತ್ತಿನ ಶಕ್ತಿಯೇ ಮಿತಿಯಾಗಿತ್ತು. ವಿದ್ಯುತ್ ಪಂಪು ಬಂತು, ರಿಗ್ ಯಂತ್ರ ಬಂತು, ಮಿತಿ ಕಳಚಿತು. 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತವಾದ ಮೇಲೆ ಎಷ್ಟು ಎತ್ತಿದರೂ ಬಿಲ್ಲಿಲ್ಲ, ಮೀಟರಿಲ್ಲ, ಆದ್ದರಿಂದ ಲೆಕ್ಕವೂ ಇಲ್ಲ. ಕೆಲವು ನೂರು ಅಡಿಗೆ ಸಿಗುತ್ತಿದ್ದ ನೀರಿಗಾಗಿ ಈಗ ಸಾವಿರ, ಸಾವಿರದೈನೂರು ಅಡಿ ಕೊರೆಯಲಾಗುತ್ತಿದೆ.

ಆಳಕ್ಕೆ ಹೋದಷ್ಟೂ ನೀರು ಹೆಚ್ಚೆಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ರಿಗ್ ಮಾಲೀಕರು ಅದನ್ನು ಅಲ್ಲಗಳೆಯುವುದೂ ಇಲ್ಲ. ಕೋಲಾರದ ನೆಲ ಗಟ್ಟಿ ಶಿಲೆಯದು. ಮೇಲಿನ ಕೆಲವು ಹತ್ತು ಅಡಿಗಳ ಶಿಥಿಲ ಪದರವೇ ನಿಜವಾದ ತೊಟ್ಟಿ. ಅದರ ಕೆಳಗೆ ಇರುವುದು ಬಿರುಕುಗಳು, ಬಿರುಕಿನಲ್ಲಿ ಸಿಕ್ಕಷ್ಟು ನೀರು. ಇಂತಹ ನೆಲದ ಗಾತ್ರದಲ್ಲಿ ನೂರಕ್ಕೆ ಎರಡು ಪಾಲು ಬಳಸಬಹುದಾದ ನೀರಿದೆ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಒಂದು ಹೆಕ್ಟೇರಿನ ಕೆಳಗೆ ನೀರಿನ ಮಟ್ಟ ಒಂದು ಮೀಟರ್ ಇಳಿದರೆ ಸಿಗುವುದು 200 ಘನ ಮೀಟರ್. ಒಂದು ಹೆಕ್ಟೇರಿನ ತರಕಾರಿ ಬೆಳೆಗೆ ಹನಿ ನೀರಾವರಿಯಲ್ಲೂ 400 ಮಿಲಿಮೀಟರ್, ಅಂದರೆ 4,000 ಘನ ಮೀಟರ್ ಬೇಕೆನ್ನೋಣ. ಅಕ್ಕಪಕ್ಕದಿಂದ ನೀರು ಹರಿದು ಬಾರದಿದ್ದರೆ ಒಂದೇ ಬೆಳೆಗೆ ಮಟ್ಟ 20 ಮೀಟರ್ ಇಳಿಯಬೇಕು. ವರ್ಷಕ್ಕೆ 700 ಮಿಲಿಮೀಟರ್ ಮಳೆಯಲ್ಲಿ ನೂರಕ್ಕೆ ಹತ್ತು ಪಾಲು ಇಂಗಿತೆಂದು ಉದಾರವಾಗಿ ಎಣಿಸಿದರೂ ಸಿಗುವುದು 70 ಮಿಲಿಮೀಟರ್. ಹಾಗಾದರೆ ಒಬ್ಬ ರೈತನ ಒಂದು ಹೆಕ್ಟೇರ್ ಟೊಮೆಟೊ ಸುಮಾರು ಆರು ಹೆಕ್ಟೇರ್ ಭೂಮಿಯ ಮಳೆಯನ್ನು ಕುಡಿಯುತ್ತದೆ. ಉಳಿದ ಐದು ಹೆಕ್ಟೇರ್ ಯಾರದು? ಜಗಳ ಹುಟ್ಟುವುದು ಅಲ್ಲಿ.

ಈ ಜಗಳಕ್ಕೆ ಬಂದ್ ಇಲ್ಲ, ಮೆರವಣಿಗೆ ಇಲ್ಲ. ಪಕ್ಕದ ಹೊಲದವರು ಇನ್ನೂರು ಅಡಿ ಹೆಚ್ಚು ಕೊರೆಸಿದರೆಂದು ತಮ್ಮ ಬಾವಿ ಬತ್ತಿದವರು ಠಾಣೆಗೆ ಹೋಗುವುದಿಲ್ಲ. ಬಡ್ಡಿಗೆ ಹಣ ತಂದು ತಾವೂ ಕೊರೆಸುತ್ತಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಕೃಷಿ ಅರ್ಥಶಾಸ್ತ್ರಜ್ಞ ಎಂ.ಜಿ. ಚಂದ್ರಕಾಂತ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಈ ನಷ್ಟವನ್ನು ಲೆಕ್ಕ ಹಾಕಿದರು. ಅವರ ವಿಧಾನದಲ್ಲಿ ಒಂದು ಮುಖ್ಯ ಪಾಠವಿದೆ: ನೀರು ಬರುತ್ತಿರುವ ಬಾವಿಯ ಖರ್ಚನ್ನಷ್ಟೇ ಕೇಳಬಾರದು, ಅದಕ್ಕೆ ಮುಂಚೆ ಕೊರೆದು ವಿಫಲವಾದ ಬಾವಿಗಳ ಖರ್ಚನ್ನೂ ಅದಕ್ಕೆ ಸೇರಿಸಬೇಕು. ಕರೆಂಟು ಪುಕ್ಕಟೆಯಾದ ಮಾತ್ರಕ್ಕೆ ನೀರು ಪುಕ್ಕಟೆಯಾಗಲಿಲ್ಲವೆಂಬುದು ಆಗ ಗೋಚರಿಸುತ್ತದೆ. ಕ್ಷೇತ್ರಾಧ್ಯಯನಕ್ಕೆ ಹೋಗುವವರು ಪಂಪು ಓಡುತ್ತಿರುವ ಮನೆಯಲ್ಲಿ ಮಾತ್ರ ಚಹಾ ಕುಡಿದು ಬಂದರೆ ಅಧ್ಯಯನ ಅರ್ಧವಾಗುತ್ತದೆ. ಬಾವಿ ಬತ್ತಿ ಹೊಲ ಬೀಳು ಬಿಟ್ಟವರು, ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು ಕ್ಯಾನಿನೊಡನೆ ನಿಂತ ಹೆಂಗಸರು, ಟ್ಯಾಂಕರ್ ಓಡಿಸುವವರು, ಹಳೆಯ ನೀರುಗಂಟಿಯ ಮಕ್ಕಳು, ಇವರೆಲ್ಲರ ಬಳಿ ಒಂದೊಂದು ತುಂಡು ಲೆಕ್ಕವಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಫ್ಲೋರೈಡ್ ಬಂಡೆಯ ಸಂಗದಲ್ಲಿ ಬಹುಕಾಲ ಇದ್ದ ನೀರಿನಲ್ಲಿ ಏರುತ್ತದೆ. ಕೊರೆತ ಆಳವಾದುದರ ಗುರುತು ಮಕ್ಕಳ ಹಲ್ಲಿನ ಮೇಲೆ ಮೂಡುತ್ತದೆ.

ಅಂತರ್ಜಲ ಕುಸಿದರೆ ಬಾವಿ ಮಾತ್ರ ಬತ್ತುವುದಿಲ್ಲ, ನದಿಯೂ ಅಣೆಕಟ್ಟೂ ಬತ್ತುತ್ತವೆ ಎಂಬುದಕ್ಕೆ ಅರ್ಕಾವತಿ ಸಾಕ್ಷಿ. ಬೆಂಗಳೂರಿಗೆ ನೀರುಣಿಸಲು 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವು ದಶಕಗಳಿಂದ ಕುಗ್ಗುತ್ತ ಬಂತು. ಮಳೆ ಕಡಿಮೆಯಾಗಿದೆ ಎಂಬುದು ಸುಲಭದ ಉತ್ತರವಾಗಿತ್ತು. ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಸಾಧ್ಯವಿರುವ ಕಾರಣಗಳನ್ನೆಲ್ಲ ಸಾಲಾಗಿಟ್ಟುಕೊಂಡಿತು. ಮಳೆ ಇಳಿಯಿತೇ? ತಾಪ ಏರಿತೇ? ಅಂತರ್ಜಲ ಎತ್ತಿದ್ದೇ? ನೀಲಗಿರಿ ತೋಪುಗಳೇ? ಹಳ್ಳಗಳಿಗೆ ಕಟ್ಟಿದ ಒಡ್ಡುಗಳೇ? ಒಂದೊಂದನ್ನೂ ಪರೀಕ್ಷಿಸಿ, ಮಳೆಗಿಂತ ಮನುಷ್ಯರ ಕೈವಾಡಗಳೇ, ವಿಶೇಷವಾಗಿ ಅಂತರ್ಜಲದ ಬಳಕೆ ಮತ್ತು ನೀಲಗಿರಿ, ಮುಖ್ಯ ಕಾರಣವೆಂಬ ನಿರ್ಧಾರಕ್ಕೆ ಬಂದಿತು. ಇದರಲ್ಲಿ ಹಳ್ಳದ ಒಡ್ಡೂ ಆರೋಪಿಗಳ ಸಾಲಿನಲ್ಲಿ ನಿಂತದ್ದನ್ನು ಮಳೆಕೊಯ್ಲಿನ ಉತ್ಸಾಹಿಗಳು ಗಮನಿಸಬೇಕು. ಮೇಲೆ ಹಿಡಿದ ನೀರು ಕೆಳಗಿನವರದೂ ಆಗಿತ್ತು. ನೀಲಗಿರಿಯ ವಿಷಯಕ್ಕೆ ಬಂದರೆ, 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ಹೊಲಗಳಿಗೆ ಸಸಿ ಹಂಚಿದ ಸರ್ಕಾರವೇ 2017ರಲ್ಲಿ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಎತ್ತಿನಹೊಳೆಗೆ ಮುಂಚೆಯೇ ಕೋಲಾರಕ್ಕೆ ಬೇರೊಂದು ನೀರು ಬಂದಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಡಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರದ ಕೆರೆಗಳಿಗೆ ಹರಿಸುವ ಉದ್ದೇಶ. 2018ರ ಜೂನಿನಲ್ಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಪೂಜೆ ಮಾಡಿದರು. ಮರುತಿಂಗಳು ನೊರೆ ಎದ್ದಿತು. ನೀರಾವರಿಗಾಗಿ ಹೋರಾಡಿದವರಲ್ಲೇ ಕೆಲವರು ನ್ಯಾಯಾಲಯಕ್ಕೆ ಹೋಗಿ, ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರನ್ನು ಅಂತರ್ಜಲಕ್ಕೆ ಸೇರಿಸಬಾರದೆಂದರು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. ಅದೇ ವರ್ಷ ತಡೆ ತೆರವಾಗಿ ನೀರು ಮತ್ತೆ ಹರಿಯಿತು. ತುಂಬಿದ ಕೆರೆಗಳ ಸುತ್ತಲಿನ ಬಾವಿಗಳಲ್ಲಿ ಮಟ್ಟ ಏರಿದ್ದು ನಿಜ. ಆ ನೀರಿನ ಗುಣದ ಬಗೆಗಿನ ಆತಂಕವೂ ನಿಜ. ಇದೇ ಬಗೆಯ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯ ದಿನಕ್ಕೆ 21 ಕೋಟಿ ಲೀಟರನ್ನೂ ಕೂಡಿಸಿದರೆ ವರ್ಷಕ್ಕೆ ಸುಮಾರು 8.4 ಟಿಎಂಸಿ ಆಗುತ್ತದೆ. ಎತ್ತಿನಹೊಳೆಯಿಂದ ಕೆರೆ ತುಂಬಲು ಇಟ್ಟ ಪ್ರಮಾಣ 9.953. ಈ ಎರಡು ಅಂಕಿಗಳನ್ನು ಒಂದೇ ಮೇಜಿನ ಮೇಲೆ ಇಡಬೇಕಾಗಿತ್ತು. ನಗರ ಬಳಸಿದ ನೀರನ್ನು ನಿಜಕ್ಕೂ ಶುದ್ಧಮಾಡಲು ತಗಲುವ ಖರ್ಚೆಷ್ಟು, ಘಟ್ಟವನ್ನು ಅಗೆದು ತರಲು ತಗಲುವ ಖರ್ಚೆಷ್ಟು ಎಂದು ತೂಗಬೇಕಾಗಿತ್ತು. ಅಂದಹಾಗೆ, ಬೆಂಗಳೂರಿನ ಆ ಕೊಳಚೆ ನೀರಿನ ಬಹುಭಾಗ ಕಾವೇರಿಯದು. ಕೊಡಗಿನ ಮಳೆ ಬೆಂಗಳೂರಿನ ಬಚ್ಚಲನ್ನು ಹಾದು ಈಗಾಗಲೇ ಕೋಲಾರದ ಕೆರೆ ಸೇರಿದೆ. ಮಲೆನಾಡು ಕೋಲಾರಕ್ಕೆ ನೀರು ಕೊಟ್ಟಿಲ್ಲವೆನ್ನುವಂತಿಲ್ಲ.

ಕಾಲುವೆಯ ನಡುದಾರಿಯಲ್ಲೂ ಸಂಘರ್ಷವಿದೆ. ನೀರನ್ನು ಕೂಡಿಡಲು ಬೈರಗೊಂಡ್ಲುವಿನ ಬಳಿ ಯೋಜಿಸಿದ ಜಲಾಶಯದಲ್ಲಿ ಕೊರಟಗೆರೆ, ದೊಡ್ಡಬಳ್ಳಾಪುರ ಎರಡೂ ತಾಲ್ಲೂಕುಗಳ ಭೂಮಿ ಮುಳುಗುತ್ತದೆ. ಒಂದೇ ಜಲಾಶಯ, ಒಂದೇ ಮಣ್ಣು; ತಾಲ್ಲೂಕಿನ ಗಡಿಯ ಆಚೀಚೆ ಪರಿಹಾರದ ದರ ಬೇರೆ. ಸಮಾನ ಪರಿಹಾರ ಬೇಕೆಂದು ಅಲ್ಲಿನ ರೈತರು ಹಿಡಿದ ಪಟ್ಟು ವರ್ಷಗಟ್ಟಲೆ ಕೆಲಸವನ್ನು ನಿಲ್ಲಿಸಿತು. ಬಯಲುಸೀಮೆಯವರೆಲ್ಲ ಒಂದೇ ದನಿಯವರು ಎಂಬ ಮಲೆನಾಡಿನ ಕಲ್ಪನೆ ಎಷ್ಟು ತಪ್ಪೆಂಬುದಕ್ಕೆ ಇದೊಂದೇ ಸಾಕು.

ಈಗ ಸ್ವಲ್ಪ ಮನೆಯ ಹಿತ್ತಲಿನ ಮಾತು. ಕೋಲಾರದವರು ನೆಲ ಕೊರೆದು ಹಾಳಾದರೆಂದು ಮಲೆನಾಡಿನ ಸಭೆಗಳಲ್ಲಿ ಹೇಳುವುದುಂಟು. ಹೇಳಿ ಮನೆಗೆ ಹೋಗುವ ದಾರಿಯಲ್ಲಿ ಅಡಿಕೆ ತೋಟಕ್ಕೆ ಕೊಳವೆಬಾವಿ ಕೊರೆಯುವ ರಿಗ್ಗಿನ ಸದ್ದು ಕೇಳುತ್ತದೆ. ಕಣಿವೆಯ ತಳದಲ್ಲಿದ್ದ ಅಡಿಕೆ ಗುಡ್ಡ ಹತ್ತಿತು. ನೀರು ನಿಲ್ಲಿಸಿ ಇಂಗಿಸುತ್ತಿದ್ದ ಗದ್ದೆಗಳು ತೋಟಗಳಾದವು. ಕರಾವಳಿಯ ಸುರಂಗಗಳು, ಮದಕಗಳು, ಬೇಸಗೆಗೆ ಮುನ್ನ ತೋಡಿಗೆ ಅಡ್ಡಲಾಗಿ ಹಾಕುತ್ತಿದ್ದ ಕಟ್ಟಗಳು ಇವುಗಳ ಬಗ್ಗೆ ಶ್ರೀಪಡ್ರೆಯವರು ದಶಕಗಳಿಂದ ಬರೆಯುತ್ತ ಬಂದಿದ್ದಾರೆ; ಕಟ್ಟ ಹಾಕಲು ಕೂಡುತ್ತಿದ್ದ ಕೈಗಳು ಮಾತ್ರ ಕಡಿಮೆಯಾಗಿವೆ. ಮಲೆನಾಡಿನ ತಳವೂ ಬಂಡೆಯೇ. ಮಳೆ ಐದು ಪಟ್ಟು ಹೆಚ್ಚಿದೆಯೆಂದು ಬಿರುಕುಗಳು ಐದು ಪಟ್ಟು ಅಗಲವಾಗಿಲ್ಲ. ಇಳಿಜಾರಿನ ನೆಲದಲ್ಲಿ ಮಟ್ಟ ಇಳಿದರೆ ಮೊದಲು ಸಾಯುವುದು ಮೇಲಿನ ಒರತೆ, ಅದರಿಂದ ಕುಡಿಯುವ ನೀರಿನ ದಂಬೆ ಎಳೆದುಕೊಂಡ ಗುಡ್ಡದ ಮೇಲಿನ ಮನೆಗಳು. ಆ ಮನೆಗಳಲ್ಲಿ ಇರುವವರು ಸಾಮಾನ್ಯವಾಗಿ ತೋಟದ ಒಡೆಯರಲ್ಲ, ತೋಟದಲ್ಲಿ ದುಡಿಯುವವರು.

ಕಾನೂನು ಏನನ್ನುತ್ತದೆ? 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಕಾಲದಿಂದಲೂ ಭೂಮಿಯ ಒಡೆಯನಿಗೆ ಅದರ ಕೆಳಗಿನ ನೀರನ್ನು ಎತ್ತುವ ಹಕ್ಕಿದೆ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ, ಅಧಿಸೂಚಿತ ತಾಲ್ಲೂಕುಗಳಲ್ಲಿ ಕೊರೆಯುವ ಮುನ್ನ ಅನುಮತಿ ಬೇಕೆಂದಿತು. ಅನುಮತಿ ಕೊಡುವುದೋ ಬಿಡುವುದೋ ಅಷ್ಟೇ ಅದರಲ್ಲಿ ಮುಖ್ಯ. ಒಂದು ಊರಿನ ಕೆಳಗಿರುವ ನೀರನ್ನು ಊರವರು ಹೇಗೆ ಹಂಚಿಕೊಳ್ಳಬೇಕೆಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಹೊಳೆಯಲ್ಲಿದ್ದಾಗ ಸಾರ್ವಜನಿಕವಾಗಿದ್ದ ನೀರು ಜನರ ತೆರಿಗೆಯ 23,251 ಕೋಟಿಯ ದಾರಿಯಲ್ಲಿ ಸಾಗಿ, ಕೆರೆಗೆ ಬಂದು, ಇಂಗಿದ ಮರುಗಳಿಗೆಯಲ್ಲಿ ಕೊಳವೆಬಾವಿಯ ಒಡೆಯನದಾಗುತ್ತದೆ. ಕೆರೆಯ ಪಕ್ಕದಲ್ಲಿ ಭೂಮಿಯಿಲ್ಲದವನಿಗೆ ಅದರಲ್ಲಿ ಪಾಲೆಷ್ಟು ಎಂದು ಕೋಲಾರದ ಗೆಳೆಯರನ್ನು ಕೇಳುವ ಹಕ್ಕು ಸಕಲೇಶಪುರದವರಿಗಿದೆ. ಕೇಳುವ ಮೊದಲು ತಮ್ಮೂರಿನಲ್ಲಿ ಅದಕ್ಕೇನು ಉತ್ತರವೆಂದು ನೋಡಿಕೊಳ್ಳಬೇಕು.

ಆದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಪ್ರತಿ ಗುಂಪೂ ಒಂದು ಹೊಳೆ, ಐದು ತೆರೆದ ಬಾವಿ, ಒಂದು ಮಳೆಮಾಪಕವನ್ನು ವಹಿಸಿಕೊಳ್ಳಲಿ. ಬಾವಿಗೆ ಇಳಿಬಿಡುವ ಹಗ್ಗಕ್ಕೆ ಅಡಿಗೊಂದು ಗಂಟು, ತುದಿಗೊಂದು ಕಲ್ಲು ಸಾಕು. ಬಾವಿಕಟ್ಟೆಯ ಒಂದೇ ಗುರುತಿನಿಂದ, ಬೆಳಿಗ್ಗೆ ಪಂಪು ಹಾಕುವ ಮುನ್ನ, ಹದಿನೈದು ದಿನಕ್ಕೊಮ್ಮೆ ಅಳೆಯಬೇಕು. ಪಕ್ಕದಲ್ಲಿ ಹೊಸ ಕೊಳವೆಬಾವಿ ಕೊರೆದರೆ ದಿನಾಂಕ, ಆಳ, ಎಷ್ಟು ಅಡಿಗೆ ನೀರು ಬಂತು, ವಿಫಲವಾಯಿತೇ ಎಂದು ಬರೆಯಬೇಕು. ಆ ಅಳತೆಗಳ ಒಂದು ಪ್ರತಿ ಬಾವಿಯ ಒಡೆಯರ ಮನೆಯಲ್ಲೇ, ಗೋಡೆಯ ಮೇಲೆ ಇರಲಿ. ಅಳೆದವರು ಹೊತ್ತುಕೊಂಡು ಹೋಗಿ ಊರಿಗೆ ಕಾಣಿಸದ ಅಂಕಿಯಿಂದ ಊರಿಗೆ ಉಪಯೋಗವಿಲ್ಲ. ಇದೇ ನಮೂನೆಯ ಪುಸ್ತಕವನ್ನು ಕೋಲಾರದ ಒಂದು ಕಾಲೇಜಿನವರೂ ಇಡುವಂತೆ ಕೇಳಿಕೊಳ್ಳಬೇಕು. ಅಲ್ಲಿ ತೆರೆದ ಬಾವಿಗಳು ಒಣಗಿರುವುದರಿಂದ ಆ ಅಂಕಣದಲ್ಲಿ ಅವರು ಬಹುಕಾಲ ‘ನೀರಿಲ್ಲ’ ಎಂದೇ ಬರೆಯಬೇಕಾದೀತು. ಅದೂ ಒಂದು ಅಳತೆಯೇ. ಮೊದಲ ಅಳತೆ ಬರುವ ಯುಗಾದಿಗೆ ಆಗಲಿ, ಮುಂಗಾರು ಹಿಡಿಯುವ ಮೊದಲು.